ಹಳೆ ಸಿಎನ್‌ಸಿಗೆ ಹೊಸ ಮೋಟಾರ್: ಕಿಲೋವ್ಯಾಟ್ ನೋಡಿ ಕೊಳ್ಳಬೇಡಿ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ, ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಹಳೆಯ ಸಿಎನ್‌ಸಿ ಯಂತ್ರಗಳು ಇಂದಿಗೂ ದುಡಿಯುತ್ತಿವೆ. ಬೀಡು ಕಬ್ಬಿಣದ ಮೈ ಗಟ್ಟಿ. ಸೋಲುವುದು ಟೇಬಲ್, ಹೆಡ್ಡುಗಳನ್ನು ಅಳೆದು ಸರಿಸುವ ಡಿಸಿ ಸರ್ವೋ ಮೋಟಾರ್, ಇಲ್ಲವೇ ಅದಕ್ಕೆ ವಿದ್ಯುತ್ ಹದವಾಗಿ ಕೊಡುವ ಡ್ರೈವ್. ಹಾಗೆಂದು ಕೂಡಲೇ ಆರ್ಡರ್ ಕೊಡಬೇಡಿ. ಮೊದಲು ಮೋಟಾರಿನೊಳಗೆ ತಿರುಗುವ ಕಮ್ಯುಟೇಟರ್‌ಗೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ ಬಿಚ್ಚಿ ನೋಡಿ. ಬ್ರಷ್ ಸವೆದು ಪುಡಿ ಕಮ್ಯುಟೇಟರ್ ಮೇಲೆ ಕೂತರೂ ಆಕ್ಸಿಸ್ (ಆ ಮೋಟಾರ್ ಸರಿಸುವ ಭಾಗ) ನಡುಗುತ್ತದೆ.

ಬದಲಿಸಲೇಬೇಕೆಂದರೆ ಮೊದಲ ಪ್ರಶ್ನೆ, ಯಂತ್ರಕ್ಕೆ ಆದೇಶ ಕೊಡುವ ಕಂಟ್ರೋಲರ್ ಹಳೆಯದೇ ಉಳಿಯುತ್ತದೆಯೇ? ಆ ಕಾಲದ ಎಷ್ಟೋ ಕಂಟ್ರೋಲರ್‌ಗಳು ಡ್ರೈವ್‌ಗೆ ವೇಗವನ್ನು ಪ್ಲಸ್-ಮೈನಸ್ 10 ವೋಲ್ಟ್ ಸಿಗ್ನಲ್‌ನಲ್ಲಿ ಹೇಳುತ್ತವೆ. ಪಲ್ಸ್ ಅಥವಾ ಈಥರ್‌ಕ್ಯಾಟ್ (ಡಿಜಿಟಲ್ ಕೇಬಲ್ ಸಂಪರ್ಕ) ಮಾತ್ರ ತಿಳಿಯುವ ಅಗ್ಗದ ಡ್ರೈವ್ ತಂದರೆ ಅದು ಪ್ಯಾನೆಲ್‌ನಲ್ಲಿ ಸುಮ್ಮನೆ ಕೂರುತ್ತದೆ. ಕಂಟ್ರೋಲರ್‌ಗೆ ಬೇಕಾದಷ್ಟೇ ಎನ್‌ಕೋಡರ್ (ಮೋಟಾರ್ ಎಷ್ಟು ತಿರುಗಿತೆಂದು ಅಳೆಯುವ ಸೆನ್ಸರ್) ಪಲ್ಸ್‌ಗಳನ್ನು ಹೊಸ ಡ್ರೈವ್ ಹಿಂದಿರುಗಿಸಬಲ್ಲದೇ ಎಂದೂ ಕೇಳಿ.

ಇನ್ನು ಲೆಕ್ಕ. ಹೆಚ್ಚಿನವರು ತಪ್ಪುವುದು ಇಲ್ಲೇ. ಟೇಬಲ್ ತಳ್ಳುವ ಬಾಲ್ ಸ್ಕ್ರೂವಿನ ಪಿಚ್ (ಒಂದು ಸುತ್ತಿಗೆ ಟೇಬಲ್ ಸರಿಯುವ ದೂರ) 10 ಮಿ.ಮೀ., ರ್‍ಯಾಪಿಡ್ (ಕಡೆಯದೆ ಓಡುವ ಗರಿಷ್ಠ ವೇಗ) ನಿಮಿಷಕ್ಕೆ 10 ಮೀಟರ್ ಇದ್ದರೆ ಸ್ಕ್ರೂ ತಿರುಗುವುದು 1000 ಆರ್‌ಪಿಎಂನಲ್ಲಿ. 3000 ಆರ್‌ಪಿಎಂನ 1 ಕಿಲೋವ್ಯಾಟ್ ಮೋಟಾರ್ ಕೊಡುವ ಟಾರ್ಕ್, ಅಂದರೆ ತಿರುಗಿಸುವ ಕಸುವು, ಸುಮಾರು 3.2 ನ್ಯೂಟನ್ ಮೀಟರ್. 1000 ಆರ್‌ಪಿಎಂನ 1 ಕಿಲೋವ್ಯಾಟ್ ಮೋಟಾರಿನದು ಸುಮಾರು 9.5. ಕಿಲೋವ್ಯಾಟ್ ಒಂದೇ, ಕಸುವು ಮೂರು ಪಟ್ಟು. ಟೇಬಲ್ಲಿಗೆ 5000 ನ್ಯೂಟನ್ ತಳ್ಳು ಬೇಕಿದ್ದರೆ ಈ ಸ್ಕ್ರೂಗೆ ಸುಮಾರು 9 ನ್ಯೂಟನ್ ಮೀಟರ್ ಬೇಕು. ಹಾಗಾಗಿ ಹಳೆ ನೇಮ್‌ಪ್ಲೇಟಿನಲ್ಲಿ ಮೊದಲು ಹುಡುಕಬೇಕಾದದ್ದು ಟಾರ್ಕ್ ಮತ್ತು ಆರ್‌ಪಿಎಂ.

ಟಾರ್ಕ್ ಸಾಕಾದರೂ ಜಡತ್ವ (ಇನರ್ಷಿಯಾ, ಅಂದರೆ ವೇಗ ಬದಲಿಸಲು ಒಡ್ಡುವ ಪ್ರತಿರೋಧ) ಕಾಡುತ್ತದೆ. ಹಳೆ ಡಿಸಿ ಮೋಟಾರಿನ ರೋಟರ್ (ಒಳಗೆ ತಿರುಗುವ ಭಾಗ) ಭಾರ; ಇಂದಿನ ಪುಟ್ಟ ಎಸಿ ಸರ್ವೋದ್ದು ಹಗುರ. ಹಗುರ ರೋಟರಿಗೆ ಭಾರದ ಟೇಬಲ್ ಕಟ್ಟಿದರೆ ಟ್ಯೂನಿಂಗ್ ಹದಕ್ಕೆ ಬರದೆ ಮೋಟಾರ್ ಗುಂಯ್‌ಗುಡುತ್ತದೆ, ಜಾಬ್ (ಕಡೆಯುತ್ತಿರುವ ತುಂಡು) ಮೇಲೆ ಗೆರೆ ಬೀಳುತ್ತದೆ. ಮೋಟಾರಿಗೆ ತಟ್ಟುವ ಲೋಡಿನ ಜಡತ್ವ ರೋಟರಿನದರ ಐದು ಪಟ್ಟು ಮೀರದಿರಲಿ ಎಂಬುದು ನಾನು ಬಿಡದ ಅಳತೆ. ಮೀಡಿಯಂ ಅಥವಾ ಹೈ ಇನರ್ಷಿಯಾ ಮಾದರಿಯನ್ನೇ ಕೇಳಿ ತನ್ನಿ.

ಫ್ಲೇಂಜ್, ಶಾಫ್ಟ್ ಅಳತೆಯನ್ನು ವರ್ನಿಯರ್‌ನಲ್ಲೇ ತೆಗೆಯಿರಿ. ಹಳೆ ಶಾಫ್ಟ್ ಟೇಪರ್ (ತುದಿಗೆ ಸಣ್ಣಗಾಗುವಂಥದ್ದು) ಇರಬಹುದು. 200 ವೋಲ್ಟ್ ವರ್ಗದ ಡ್ರೈವ್‌ಗೆ ನಮ್ಮ 415 ವೋಲ್ಟ್ ಲೈನ್ ನೇರವಾಗಿ ಕೊಟ್ಟರೆ ಆ ಕ್ಷಣವೇ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಮೇಲೆ-ಕೆಳಗೆ ಚಲಿಸುವ ಝಡ್ ಆಕ್ಸಿಸ್‌ನ ಮೋಟಾರಿನಲ್ಲಿ ಬ್ರೇಕ್ ಇದ್ದರೆ ಹೊಸದರಲ್ಲೂ ಇರಲಿ. ಬಿಚ್ಚುವ ಮುನ್ನ ಹೆಡ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಮೋಟಾರ್ ಕಳಚಿದೊಡನೆ ಹೆಡ್ ಕೆಳಗಿಳಿಯುತ್ತದೆ, ಕೈ ಹೋಗುತ್ತದೆ.

ಜೋಡಿಸಿದ ಮೇಲೆ ಮೊದಲ ಸಲ, ಮೋಟಾರನ್ನು ಸ್ಕ್ರೂಗೆ ಸೇರಿಸುವ ಕಪ್ಲಿಂಗ್ ಕಳಚಿಟ್ಟೇ ಓಡಿಸಿ. ಎನ್‌ಕೋಡರ್ ಕಳಿಸುವ ಫೀಡ್‌ಬ್ಯಾಕ್ ದಿಕ್ಕು ತಿರುಗುಮುರುಗಾಗಿದ್ದರೆ ಮೋಟಾರ್ ನಿಲ್ಲದೆ ಪೂರ್ಣ ವೇಗಕ್ಕೆ ಏರುತ್ತದೆ. ಆಗ ನಿಮ್ಮ ಅಂಗೈ ಎಮರ್ಜೆನ್ಸಿ ಬಟನ್ ಮೇಲೆಯೇ ಇರಬೇಕು.