ವರ್ಟ್-ಮ್ಯಾನೇಜರ್‌ನಲ್ಲಿರೋ ವಿಎಂನ ಪ್ರಾಕ್ಸ್‌ಮಾಕ್ಸ್‌ಗೆ ಸಾಗ್ಸೋದು ಹೇಗೆ?

ವಿಎಂ ಅಂದ್ರೆ ವರ್ಚುವಲ್ ಮಷೀನ್, ಕಂಪ್ಯೂಟರ್ ಒಳಗೆ ಸಾಫ್ಟ್‌ವೇರಲ್ಲೇ ಓಡೋ ಇನ್ನೊಂದು ಕಂಪ್ಯೂಟರ್. ವರ್ಟ್-ಮ್ಯಾನೇಜರ್‌ನಲ್ಲಿ (ಲಿನಕ್ಸ್‌ನಲ್ಲಿ ವಿಎಂ ನೋಡ್ಕೊಳ್ಳೋ ಆ್ಯಪ್) ಓಡ್ತಿರೋ ಲಿನಕ್ಸ್ ವಿಎಂನ ಪ್ರಾಕ್ಸ್‌ಮಾಕ್ಸ್‌ಗೆ (ವಿಎಂಗಳನ್ನ ಓಡ್ಸೋ ಸರ್ವರ್ ಸಾಫ್ಟ್‌ವೇರ್) ತಗೊಂಡು ಹೋಗೋಕೆ ಎಲ್ಲಾ ಹೊಸದಾಗಿ ಇನ್‌ಸ್ಟಾಲ್ ಮಾಡ್ಬೇಕಿಲ್ಲ. ಎರಡರ ಒಳಗೂ ಇರೋದು ವಿಎಂ ಓಡ್ಸೋ ಅದೇ ಕೆವಿಎಂ, 2007ರಲ್ಲಿ ಲಿನಕ್ಸ್ 2.6.20 ಕರ್ನಲ್‌ಗೆ ಸೇರಿದ್ದು. ಹಾಗಾಗಿ ಡಿಸ್ಕ್ ಹಾಗೇ ನಡೆಯುತ್ತೆ, ಕೈಕೊಡೋದು ಅದರ ಸುತ್ತ ಇರೋ ಸೆಟ್ಟಿಂಗ್‌ಗಳು.

ಅದಕ್ಕೇ ಮೊದ್ಲು ಟರ್ಮಿನಲ್‌ನಲ್ಲಿ ವಿರ್ಶ್ ಡಂಪ್‌ಎಕ್ಸ್‌ಎಂಎಲ್ ಅನ್ನೋ ಕಮಾಂಡನ್ನ ವಿಎಂ ಹೆಸ್ರಿನ ಜೊತೆ ಕೊಟ್ಟು, ಬಂದ ಸೆಟ್ಟಿಂಗ್ ಪಟ್ಟಿನ ಒಂದು ಫೈಲಲ್ಲಿ ಇಟ್ಕೊಳ್ಳಿ. ಬೂಟ್ ಹಳೇ ತರದ ಬಯಾಸಿಂದನಾ ಹೊಸ ತರದ ಯುಇಎಫ್‌ಐಯಿಂದನಾ, ಡಿಸ್ಕ್ ಯಾವ ಬಸ್ (ವಿಎಂಗೆ ಡಿಸ್ಕ್ ಜೋಡ್ಸೋ ದಾರಿ) ಮೇಲಿದೆ, ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರ್ತು) ಏನು, ಇಷ್ಟನ್ನ ಗುರ್ತು ಹಾಕ್ಕೊಳ್ಳಿ.

ಆಮೇಲೆ ವಿಎಂನ ಪೂರ್ತಿ ಶಟ್‌ಡೌನ್ ಮಾಡಿ, ಓಡ್ತಿರೋವಾಗ್ಲೇ ಫೈಲ್ ಕಾಪಿ ಮಾಡಿದ್ರೆ ಅರ್ಧಂಬರ್ಧ ಡೇಟಾ ಬರುತ್ತೆ, ಒಳಗೆ ಡೇಟಾಬೇಸ್ ಇದ್ರಂತೂ ಇದರಲ್ಲಿ ರಾಜಿನೇ ಬೇಡ. ಸ್ನ್ಯಾಪ್‌ಶಾಟ್ (ವಿಎಂನ ಆಗಿನ ಸ್ಥಿತಿ ಉಳ್ಸಿಟ್ಟಿದ್ದು) ತಗೊಂಡಿದ್ರೆ ಇನ್ನೂ ಹುಷಾರು. ವಿಎಂನ ಡಿಸ್ಕ್ ಆಗಿರೋ ಕ್ಯೂಕೌ2 ಫೈಲಿಗೆ ಕ್ಯೂಇಎಂಯು-ಐಎಂಜಿ ಇನ್ಫೋ ಅನ್ನೋ ಕಮಾಂಡ್ ಕೊಟ್ಟಾಗ ಬ್ಯಾಕಿಂಗ್ ಫೈಲ್ ಅಂತ ಸಾಲು ಬಂದ್ರೆ ನಿಮ್ಮ ಕೈಲಿರೋದು ಬರೀ ಮೇಲಿನ ಪದರ. ಇನ್ಫೋ ಬದ್ಲು ಕನ್ವರ್ಟ್ ಕೊಟ್ಟು ಎಲ್ಲಾ ಸೇರಿಸಿ ಒಂದೇ ಫೈಲ್ ಮಾಡ್ಕೊಳ್ಳಿ, ಆದ್ರೆ ಹೊಸ ಫೈಲಲ್ಲಿ ಹಳೇ ಸ್ನ್ಯಾಪ್‌ಶಾಟ್‌ಗಳು ಇರಲ್ಲ.

ಫೈಲನ್ನ ಪ್ರಾಕ್ಸ್‌ಮಾಕ್ಸ್ ಸರ್ವರಿಗೆ ಕಳ್ಸಿದ ಮೇಲೆ ಅಲ್ಲಿ ಡಿಸ್ಕ್ ಇಲ್ಲದ ವಿಎಂ ಒಂದನ್ನ ಮಾಡಿ, ಅದೇ ಸರ್ವರಿನ ಟರ್ಮಿನಲ್‌ನಲ್ಲಿ ಕ್ಯೂಎಂ ಡಿಸ್ಕ್ ಇಂಪೋರ್ಟ್ ಅನ್ನೋ ಕಮಾಂಡ್ ಕೊಟ್ಟು ವಿಎಂ ನಂಬರ್, ಫೈಲ್, ಸ್ಟೋರೇಜ್ ಹೆಸ್ರು ಹಾಕಿ. ಹಾರ್ಡ್‌ವೇರ್ ಪುಟದಲ್ಲಿ ಅನ್‌ಯೂಸ್ಡ್ ಡಿಸ್ಕ್ ಅಂತ ಕಾಣುತ್ತೆ, ಡಬಲ್ ಕ್ಲಿಕ್ ಮಾಡಿ ಸೇರ್ಸಿ, ಬೂಟ್ ಆರ್ಡರಲ್ಲೂ ಟಿಕ್ ಹಾಕಿ.

ಇಲ್ಲಿ ಬಸ್ ಆರ್ಸೋದು ಮುಖ್ಯ. ಹಳೇದು ವರ್ಟಿಯೋ ಬ್ಲಾಕ್ ಆಗಿದ್ರೆ ಇಲ್ಲೂ ಅದೇ ಇರ್ಲಿ. ಸ್ಕಸಿಗೆ ಬದಲಾಯ್ಸಿದ್ರೆ ವಿಡಿಎ ಅಂತಿದ್ದ ಡಿಸ್ಕ್ ಎಸ್‌ಡಿಎ ಆಗುತ್ತೆ, ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟಲ್ಲಿ ಮೌಂಟ್ ಮಾಡೋ ಡಿಸ್ಕ್‌ಗಳ ಪಟ್ಟಿ) ಬದಲಾಗದ ಗುರ್ತಾದ ಯುಯುಐಡಿ ಬದ್ಲು ಹಳೇ ಹೆಸ್ರಿದ್ರೆ ಮೌಂಟ್ ಆಗಲ್ಲ, ರಾಕಿ ಲಿನಕ್ಸ್ ತರದ್ರಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಲ್ಲಿ ಲೋಡ್ ಆಗೋ ಫೈಲ್) ಒಳಗೆ ಆ ಡ್ರೈವರ್ ಇಲ್ದೆ ಬೂಟೇ ನಿಂತು ಹೋಗ್ಬಹುದು. ಯುಇಎಫ್‌ಐ ವಿಎಂ ಆದ್ರೆ ಬಯಾಸ್ ಸೆಟ್ಟಿಂಗಲ್ಲಿ ಓವಿಎಂಎಫ್ (ಯುಇಎಫ್‌ಐಗಿರೋ ಆಯ್ಕೆ) ಆರ್ಸಿ ಇಎಫ್‌ಐ ಡಿಸ್ಕ್ ಸೇರ್ಸಿ.

ಬೂಟ್ ಆದ್ಮೇಲೆ ನೆಟ್‌ವರ್ಕ್ ಬರ್ದಿದ್ರೆ ಗಾಬ್ರಿ ಬೇಡ. ಇಎನ್‌ಪಿ1ಎಸ್0 ಅಂತಿದ್ದ ಕಾರ್ಡ್ ಇಲ್ಲಿ ಸಾಮಾನ್ಯವಾಗಿ ಇಎನ್‌ಎಸ್18 ಆಗಿರುತ್ತೆ, ಕನ್ಸೋಲಿಂದ ಒಳಗೆ ಹೋಗಿ ನೆಟ್‌ವರ್ಕ್ ಸೆಟ್ಟಿಂಗ್ ಇರೋ ಫೈಲಲ್ಲಿ (ಉಬುಂಟು ಆದ್ರೆ ನೆಟ್‌ಪ್ಲಾನ್ ಫೈಲ್) ಹೆಸ್ರು ಬದಲಾಯ್ಸಿ. ಹಳೇ ಮ್ಯಾಕ್ ಅಡ್ರೆಸ್ಸನ್ನೇ ಕೊಟ್ರೆ ಐಪಿ ಹಂಚೋ ಡಿಎಚ್‌ಸಿಪಿಯಲ್ಲಿ ಕಾದಿರ್ಸಿದ ಐಪಿನೂ ಉಳಿಯುತ್ತೆ.

ಹಳೇ ವಿಎಂನ ಒಂದೆರಡು ವಾರ ಅಳಿಸ್ಬೇಡಿ, ಆದ್ರೆ ಅದರ ಆಟೋಸ್ಟಾರ್ಟ್ ಮಾತ್ರ ಇವತ್ತೇ ತೆಗೀರಿ, ಇಲ್ಲಾಂದ್ರೆ ಹಳೇ ಸರ್ವರ್ ರೀಬೂಟ್ ಆದ ದಿನ ಒಂದೇ ಐಪಿಗೆ ಎರಡು ಮಷೀನ್ ಎದ್ದು ಕೂರ್ತವೆ.