ಹಲ್ಲು ನೋವು: ಬಾಯಿ ತೆರೆಸುವ ಮೊದಲು ನಾನು ಕೇಳುವುದು

ಶಿರಸಿಯ ನನ್ನ ಕ್ಲಿನಿಕ್ಕಿಗೆ ಹಲ್ಲು ನೋವೆಂದು ಬಂದವರಿಗೆ ಬಾಯಿ ತೆರೆಯಿರಿ ಎಂದು ತಕ್ಷಣ ಹೇಳುವುದಿಲ್ಲ. ಮೊದಲು ಮಾತಾಡಿಸುತ್ತೇನೆ. ತಣ್ಣೀರಿಗೆ ಜುಮ್ ಅನ್ನುತ್ತದಾ, ಬಿಸಿ ಚಹಾಕ್ಕಾ? ಲೋಟ ಕೆಳಗಿಟ್ಟ ಮೇಲೂ ನೋವು ಉಳಿಯುತ್ತದಾ? ರಾತ್ರಿ ಎಬ್ಬಿಸುತ್ತದಾ? ಅರ್ಧ ವಿಷಯ ಇಲ್ಲೇ ತಿಳಿಯುತ್ತದೆ. ಎಕ್ಸ್‌ರೇ ಆಮೇಲೆ.

ತಣ್ಣಗಿನದು ತಾಗಿ ಕ್ಷಣದಲ್ಲೇ ಹೋಗುವ ನೋವಾದರೆ ಸಮಾಧಾನ. ಹಲ್ಲಿನ ಹೊರಗಿನ ಎನಾಮಲ್‌ನಲ್ಲಿ ನರವಿಲ್ಲ. ಹಾಗಾಗಿ ಹುಳುಕು ಅದನ್ನು ದಾಟಿ ಕೆಳಗಿನ ಪದರವಾದ ಡೆಂಟಿನ್‌ಗೆ ಇಳಿಯುವ ತನಕ ಗೊತ್ತೇ ಆಗುವುದಿಲ್ಲ. ಕೊಳೆತದ್ದನ್ನು ಕೊರೆದು ತೆಗೆದು ಫಿಲ್ಲಿಂಗ್ ಮಾಡಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು.

"ಮಲಗಿದ್ರೆ ಜೀವ ಹೋಗ್ತು ಡಾಕ್ಟ್ರೇ" ಅಂದರೆ ಕಥೆ ಬೇರೆ. ಹಲ್ಲಿನೊಳಗಿನ ನರ, ರಕ್ತನಾಳಗಳ ಮೆತ್ತನೆ ಭಾಗ ಊದಿಕೊಂಡಿದೆ. ಸುತ್ತ ಗಟ್ಟಿ ಗೋಡೆ, ಹಿಗ್ಗಲು ಜಾಗವಿಲ್ಲ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರಿ ನೋವೂ ಏರುತ್ತದೆ. ಇದಕ್ಕೆ ಆಂಟಿಬಯೋಟಿಕ್ ನುಂಗಿದರೆ ಪ್ರಯೋಜನವಿಲ್ಲ. ರೂಟ್ ಕೆನಾಲ್ ಮಾಡಬೇಕು, ಅಂದರೆ ಆ ಮೆತ್ತನೆ ಭಾಗ ತೆಗೆದು ಒಳಗನ್ನು ತೊಳೆದು ತುಂಬಬೇಕು. ಇಲ್ಲವೇ ಹಲ್ಲು ಕೀಳಬೇಕು.

ನನಗೆ ಜಾಸ್ತಿ ಚಿಂತೆ ಹುಟ್ಟಿಸುವವರು ನೋವು ತಾನಾಗಿಯೇ ನಿಂತಿತು ಎನ್ನುವವರು. ಅಡಿಕೆ ಕೊಯ್ಲು ಮುಗಿಯಲಿ ಎಂದು ಮುಂದೂಡುತ್ತಾರೆ. ನಿಂತದ್ದು ನರ ಸತ್ತದ್ದಕ್ಕೆ ಇರಬಹುದು. ಅಂಥ ಹಲ್ಲಿಗೆ ಐಸ್ ತಾಗಿಸಿದರೂ ಏನೂ ಅನ್ನಿಸುವುದಿಲ್ಲ. ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಮಾತ್ರ ಹಾರಿ ಬೀಳುತ್ತಾರೆ, ಬೇರಿನ ತುದಿಗೆ ಸೋಂಕು ಇಳಿದಿರುತ್ತದೆ. ಕೆನ್ನೆ ಊದಿ, ಜ್ವರ ಬಂದು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ನಾನು ಕಾಯಿಸುವುದಿಲ್ಲ. ಅದೇ ದಿನ ದೊಡ್ಡಾಸ್ಪತ್ರೆಗೆ ಕಳಿಸುತ್ತೇನೆ.

ಕವಳ (ಎಲೆ-ಅಡಿಕೆ) ಹಾಕುವವರಲ್ಲಿ ಇನ್ನೊಂದು ನೋವು ಸಿಗುತ್ತದೆ. ಹುಳುಕು ಕಾಣಿಸುವುದಿಲ್ಲ, ಆದರೆ ಕಚ್ಚಿ ಬಿಟ್ಟ ಕೂಡಲೇ ಚುಳಕ್ ಅನ್ನುತ್ತದೆ. ವರ್ಷಗಟ್ಟಲೆ ಅಡಿಕೆ ಜಗಿದು ಸವೆದ ದವಡೆ ಹಲ್ಲಿನಲ್ಲಿ ಸಣ್ಣ ಬಿರುಕು. ಎಕ್ಸ್‌ರೇಯಲ್ಲಿ ಇದು ಬಹಳ ಸಲ ಕಾಣುವುದೇ ಇಲ್ಲ. ಹತ್ತಿಯ ಸುರುಳಿಯನ್ನು ಹಲ್ಲಿನ ಒಂದೊಂದೇ ಮೂಲೆಗಿಟ್ಟು ಕಚ್ಚಿಸಿ ಹುಡುಕುತ್ತೇನೆ.

ಲವಂಗದೆಣ್ಣೆ? ಹತ್ತಿಗೆ ಒಂದು ಹನಿ ಹಾಕಿ ಹಲ್ಲಿಗಿಟ್ಟರೆ ಸ್ವಲ್ಪ ಹೊತ್ತು ಸಮಾಧಾನ, ಸರಿ. ಆಸ್ಪಿರಿನ್ ಗುಳಿಗೆಯನ್ನು ಒಸಡಿಗೆ ಒತ್ತಿಟ್ಟುಕೊಳ್ಳಬೇಡಿ, ಸುಡುತ್ತದೆ.

ರೂಟ್ ಕೆನಾಲ್ ಅಂದರೆ ಹೆದರುವವರೇ ಹೆಚ್ಚು. ಇಂಜೆಕ್ಷನ್ ಕೊಟ್ಟು, ತುಟಿ ದಪ್ಪಗಾಯಿತಾ ಎಂದು ಕೇಳುತ್ತೇನೆ. ಒಳಗೆ ಊದಿದ ಕೆಳದವಡೆ ಹಲ್ಲಿಗೆ ಮೊದಲ ಇಂಜೆಕ್ಷನ್ ಕೆಲವೊಮ್ಮೆ ಸಾಲುವುದಿಲ್ಲ, ಇನ್ನೊಂದು ಕೊಡಬೇಕಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ತಡೆದುಕೊಂಡು ಕೂರಬಾರದಲ್ವಾ? ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಸಣ್ಣ ಫೈಲುಗಳಿಂದ ಬೇರಿನೊಳಗಿನ ನಾಳಗಳನ್ನು ಕೆರೆದು, ಕ್ರಿಮಿ ಕೊಲ್ಲುವ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆಯುತ್ತೇನೆ. ದವಡೆ ಹಲ್ಲಿನಲ್ಲಿ ಸಾಮಾನ್ಯವಾಗಿ 3 ಅಥವಾ 4 ನಾಳ. ಒಂದು ತಪ್ಪಿಹೋದರೂ ಸೋಂಕು ಉಳಿಯಬಹುದು, ಹೆಚ್ಚು ಸಮಯ ಹೋಗುವುದು ಆ ಹುಡುಕಾಟಕ್ಕೇ. ಕೊನೆಗೆ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತೇನೆ.

ನೋವು ಹೋಯಿತಲ್ಲ ಎಂದು, ಆಮೇಲೆ ಆ ಹಲ್ಲಿನ ಮೇಲೆ ಕ್ಯಾಪ್ ಹಾಕಿಸಲು ಬಾರದವರು ತುಂಬ. ಒಳಗೆ ಕೊರೆದ ದವಡೆ ಹಲ್ಲು ಸುಲಭವಾಗಿ ಸೀಳುತ್ತದೆ. ಸೀಳು ಬೇರಿನ ತನಕ ಇಳಿದರೆ ಕೀಳುವುದೊಂದೇ ದಾರಿ.