ಶಸ್ತ್ರಾಸ್ತ್ರದ ಸುದ್ದಿ ಓದಲು ಮಂಜರಾಬಾದ್ ಕೋಟೆ ಹತ್ತಿ

ಹೊಸ ಯುದ್ಧವಿಮಾನ, ಹೊಸ ಕ್ಷಿಪಣಿ ಎಂಬ ಸುದ್ದಿ ಬಂದಾಗಲೆಲ್ಲ ಬೆಲೆ ಮತ್ತು ವೇಗವಷ್ಟೇ ನಮ್ಮ ಕಣ್ಣಿಗೆ ಬೀಳುತ್ತವೆ. ಒಂದು ಸೇನೆ ಹೊಸದಾಗುವುದೆಂದರೇನು ಎಂಬುದನ್ನು ಕಲ್ಲಿನಲ್ಲೇ ನೋಡಬೇಕಾದರೆ ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಗೆ ಬನ್ನಿ. ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆ ಪೂರ್ಣಗೊಂಡದ್ದು 1792ರಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅವನು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು.

ಮೊದಲ ಹೆಜ್ಜೆ: ಮೆಟ್ಟಿಲು ಹತ್ತುವ ಮುನ್ನ ಹೆದ್ದಾರಿಯತ್ತ ತಿರುಗಿ ನಿಲ್ಲಿ. ಮಂಗಳೂರಿನ ಕಡಲತೀರದಿಂದ ಘಟ್ಟ ಹತ್ತಿ ಬರುವ ದಾರಿ ಇದು. ಯಾವ ಆಯುಧದ ಸುದ್ದಿಯಾದರೂ ಮೊದಲು ಕೇಳಬೇಕಾದದ್ದು, ಕಾಯಬೇಕಾದ ದಾರಿ ಯಾವುದು ಎಂದು.

ಎರಡನೆಯದು: ಕೋಟೆಯ ಒಂದು ಮೂಲೆಯಲ್ಲಿ ನಿಂತು ಪಕ್ಕದ ಗೋಡೆಯನ್ನು ನೋಡಿ. ಇಲ್ಲಿ ಅವಸರ ಬೇಡ. ದುಂಡು ಕೊತ್ತಳದ ಬುಡಕ್ಕೆ ಶತ್ರು ಬಂದು ಅಂಟಿಕೊಂಡರೆ ಮೇಲಿನ ಬಂದೂಕಿಗೆ ಅವನು ಸಿಗುವುದಿಲ್ಲ. ಎಂಟು ಮೂಲೆಗಳ ನಕ್ಷತ್ರದಾಕಾರದ ಈ ಕೋಟೆಯಲ್ಲಿ ಒಂದು ಗೋಡೆಯ ಬುಡವನ್ನು ಇನ್ನೊಂದು ಗೋಡೆ ಕಾಯುತ್ತದೆ. ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್ ಬೆಳೆಸಿದ ಮಾದರಿ ಇದು. ಫಿರಂಗಿ ಬಲಿತಾಗ ಯುರೋಪಿನವರು ಗೋಡೆಯನ್ನು ಇನ್ನಷ್ಟು ಎತ್ತರಿಸುವ ಬದಲು ಅದರ ಆಕಾರವನ್ನೇ ಬದಲಿಸಿದರು. ಮೈಸೂರು ಅದನ್ನು ಕಲಿತು ಮಲೆನಾಡಿನ ಗುಡ್ಡದ ಮೇಲೆ ಕಟ್ಟಿತು. ಇಡೀ ಕೋಟೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಈ ಜಾಗವೇ.

ಮೂರನೆಯದು: ಕೆಳಗಿಳಿದು ಸಿಡಿಮದ್ದು ಇಡುತ್ತಿದ್ದ ಕೋಣೆಗಳ ಒಳಗೆ ಹೋಗಿ. ಬೇಸಿಗೆಯಲ್ಲೂ ತಣ್ಣಗಿರುತ್ತವೆ. ತಿಂಗಳುಗಟ್ಟಲೆ ಮಳೆ ಸುರಿಯುವ ಈ ಸೀಮೆಯಲ್ಲಿ ಮದ್ದು ನೆನೆದರೆ ಫಿರಂಗಿ ಬರೀ ಲೋಹದ ಕೊಳವೆ. ಇಂದಿನ ಯುದ್ಧವಿಮಾನಕ್ಕೂ ಬಿಡಿಭಾಗ, ಮದ್ದುಗುಂಡು, ದುರಸ್ತಿಗಾರರು ಸಿಗುತ್ತಾರೆಯೇ ಎಂಬುದನ್ನು ಸುದ್ದಿಯ ಕೊನೆಯ ಸಾಲುಗಳಲ್ಲಿ ಹುಡುಕಿ.

ನಾಲ್ಕನೆಯದು, ಟಿಪ್ಪುವಿನ ಸೇನೆಯ ರಾಕೆಟ್. ಮೈಸೂರಿನವರು ಅದಕ್ಕೆ ಕಬ್ಬಿಣದ ಕೊಳವೆ ತೊಡಿಸಿದ್ದರಿಂದ ಮದ್ದಿನ ಒತ್ತಡವನ್ನು ತಾಳಿಕೊಂಡು ದೂರ ಹಾರಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬ ಆಯುಧ ತಜ್ಞ ಅವನ್ನು ಸುಧಾರಿಸಿದ. 1807ರಲ್ಲಿ ಬ್ರಿಟಿಷರು ಅವನ್ನು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಮೇಲೆ ಹಾರಿಸಿದರು. ನಮ್ಮ ಕೈಯಲ್ಲಿದ್ದ ವಿದ್ಯೆ ಹೀಗೆ ಕೈತಪ್ಪಿದ್ದು ಇಂದಿಗೂ ನೋವು ತರುತ್ತದೆ.

ಹಿಂದಿರುಗುವಾಗ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದ ದೊಡ್ಡ ಆಂಟೆನಾಗಳನ್ನು ನೋಡಿ. ನೌಕಾಪಡೆಗಾಗಿ 2013ರಲ್ಲಿ ಹಾರಿದ ಸಂಪರ್ಕ ಉಪಗ್ರಹ ಜಿಸ್ಯಾಟ್-7, ವಾಯುಪಡೆಗಾಗಿ 2018ರಲ್ಲಿ ಹಾರಿದ ಜಿಸ್ಯಾಟ್-7ಎ, ಎರಡರ ನಿಯಂತ್ರಣವನ್ನೂ ಕೈಗೆತ್ತಿಕೊಂಡದ್ದು ಈ ಕೇಂದ್ರವೇ. ನಡುಗಡಲಿನ ಹಡಗು ದೂರದ ಇನ್ನೊಂದು ಹಡಗಿನ ಮಾತು ಕೇಳುವುದು ಇಂಥ ಉಪಗ್ರಹಗಳಿಂದ.